ಟೇಪು ಹಿಡಿದು ಕತ್ತರಿಸಿದ ಅಂಗಳ

ನನ್ನ ಚಿಕ್ಕಮ್ಮನನ್ನು ಕೊಟ್ಟ ಮನೆಯಲ್ಲಿ ಗಂಡಸರೆಲ್ಲ ದರ್ಜಿಗಳು. ಚಿಕ್ಕಪ್ಪ, ಅವನ ಅಣ್ಣ, ಇಬ್ಬರೂ ಹೊಲಿಗೆಯಲ್ಲಿ ಪಳಗಿದವರು, ಜಗಳದಲ್ಲಿ ಇನ್ನೂ ಚೆನ್ನಾಗಿ ಪಳಗಿದವರು. ಅವರಪ್ಪ ತೀರಿಕೊಂಡ ಮೇಲೆ ಮನೆ ಭಾಗ ಮಾಡಿಕೊಳ್ಳಲು ಕೂತರು. ಬೇರೆಯವರಾಗಿದ್ದರೆ ನಾಲ್ಕು ಜನ ಹಿರಿಯರನ್ನು ಕರೆಸುತ್ತಿದ್ದರು. ಇವರು ಕೊರಳಲ್ಲಿದ್ದ ಅಳತೆ ಟೇಪು ತೆಗೆದರು. ಮನೆಯ ನಡುವಿನ ಅಂಗಳಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಆ ಕಡೆಯ ಕೋಣೆಗಳು ಅಣ್ಣನಿಗೆ, ಈ ಕಡೆಯವು ತಮ್ಮನಿಗೆ ಎಂದರು. ಆ ಗೆರೆಯ ಮೇಲೆ ಏಳಬೇಕಾದ ಗೋಡೆಯ ದಪ್ಪವನ್ನೂ ಇಬ್ಬರ ಪಾಲಿನಲ್ಲಿ ಸಮನಾಗಿ ಕಳೆದರು. ಹೊಲಿಗೆಗೆ ಅಂಚು ಬಿಡುವವರಲ್ಲವೇ! ಗಾರೆಯವನು ಗೋಡೆ ಎಬ್ಬಿಸಿ ಹೋದ ಮೇಲೆ ಗೊತ್ತಾಯಿತು, ಅಂಗಿಗೆ ಎದೆ, ತೋಳು, ಉದ್ದ ಎಲ್ಲ ಸರಿ, ಕುತ್ತಿಗೆ ತೂರಿಸಲು ಮಾತ್ರ ಜಾಗವಿಲ್ಲ. ಮನೆಗಿದ್ದ ಒಂದೇ ಬೀದಿಬಾಗಿಲು ಅಣ್ಣನ ಪಾಲಿಗೆ ಹೋಗಿತ್ತು.

ಆಮೇಲೆ ಗೋಡೆಯ ಮೂಲೆಯಲ್ಲಿ ಒಬ್ಬರು ಬಗ್ಗಿ ತೂರುವಷ್ಟು ಜಾಗ ಒಡೆದು ಹಲಗೆ ಬಾಗಿಲು ಹಾಕಿದರು. ಅದರ ಚಿಲಕ ಇದ್ದದ್ದೂ ಅಣ್ಣನ ಕಡೆಗೇ. ಚಿಕ್ಕಮ್ಮ ಹೊರಗೆ ಹೋಗಬೇಕೆಂದರೆ ಹಲಗೆ ತಟ್ಟಿ ವಾರಗಿತ್ತಿಯನ್ನು ಕೂಗಬೇಕು, ಅವರ ಅಡುಗೆಮನೆ ದಾಟಬೇಕು, ಬೀದಿಬಾಗಿಲನ್ನೇ ಅಂಗಡಿ ಮಾಡಿಕೊಂಡು ಅಲ್ಲಿ ಕತ್ತರಿ ಹಿಡಿದು ಕೂತ ಭಾವನ ಮುಂದೆ ತಲೆ ತಗ್ಗಿಸಿ ನಡೆಯಬೇಕು. ಆ ಮಹಾನುಭಾವ ಮಾತಾಡುತ್ತಿರಲಿಲ್ಲ, ಗಡಿಯಾರ ನೋಡುತ್ತಿದ್ದ ಅಷ್ಟೇ.

ಚಿಕ್ಕಪ್ಪನ ಗಿರಾಕಿಗಳ ಪಾಡಂತೂ ನಗೆಪಾಟಲು. ಹಿಂದಿನ ಓಣಿಗೆ ತೆರೆದ ಕಂಬಿ ಕಿಟಕಿಯೇ ಅವನ ಅಂಗಡಿ. ಕಂಬಿಗಳ ನಡುವಿನಿಂದ ಕೈ ಚಾಚಿ ಅಳತೆ ತೆಗೆಯುತ್ತಿದ್ದ. ಬೆನ್ನಿನ ಅಳತೆಗೆ ಗಿರಾಕಿ ಶಾಲೆಯಲ್ಲಿ ಶಿಕ್ಷೆಗೆ ನಿಂತವನ ಹಾಗೆ ತಿರುಗಿ ನಿಲ್ಲಬೇಕಿತ್ತು. ಓಣಿಯ ಜನಕ್ಕೆ ಅದು ಬಿಟ್ಟಿ ಮನರಂಜನೆ. ನಾನೂ ನಕ್ಕವಳೇ. ಆದರೆ ಒಳಗೆ, ಪಾಲಿಗೆ ಬಂದ ಆ ಅರ್ಧ ಅಂಗಳದಲ್ಲಿ, ಚಿಕ್ಕಮ್ಮ ಗುಂಡಿ ಹಚ್ಚುತ್ತಾ ಕೂತಿರುವುದನ್ನು ನೋಡಿದರೆ ನಗು ಹೊಟ್ಟೆಯಲ್ಲೇ ಉಳಿಯುತ್ತಿತ್ತು. ಹೊಸ ಗೋಡೆಯಿಂದಾಗಿ ಬಿಸಿಲು ಬಂದಷ್ಟೇ ಬೇಗ ಹೋಗಿಬಿಡುತ್ತಿತ್ತು. ಅವಳು ಚಾಪೆಯನ್ನು ಬಿಸಿಲಿನ ಹಿಂದೆ ಎಳೆದುಕೊಂಡು ಹೋಗಿ ಕೊನೆಗೆ ಗೋಡೆಗೆ ತಾಗಿ ನಿಲ್ಲುತ್ತಿದ್ದಳು.

ಅವಳು ಹೋಗಬೇಕಾಗಿದ್ದದ್ದಾದರೂ ಎಲ್ಲಿಗೆ? ಎರಡು ಬೀದಿ ಆಚೆ ನಮ್ಮ ಮನೆಗೆ, ಹಾಸಿಗೆ ಹಿಡಿದಿದ್ದ ತನ್ನ ತಾಯಿಯನ್ನು, ಅಂದರೆ ನನ್ನ ಅಜ್ಜಿಯನ್ನು ನೋಡಲು. ದಿನಾ ಬರುತ್ತಿದ್ದವಳು ವಾರಕ್ಕೊಮ್ಮೆ ಬರತೊಡಗಿದಳು, ಆಮೇಲೆ ಅದೂ ತಪ್ಪಿತು. "ಕೂಗಿ ಕೂಗಿ ನಂಗೇ ನಾಚಿಕೆ ಆಗುತ್ತೆ ಕಣೇ," ಅನ್ನುತ್ತಿದ್ದಳು. ಅಜ್ಜಿ ಮಾತ್ರ ಬಾಗಿಲ ಕಡೆ ಮುಖ ಮಾಡಿಯೇ ಮಲಗುತ್ತಿದ್ದಳು.

"ಆ ಕಿಟಕಿ ಕಿತ್ತು ಬಾಗಿಲು ಇಡ್ಸಿ," ಎಂದು ಚಿಕ್ಕಮ್ಮ ಗಂಡನಿಗೆ ಹೇಳಿ ಹೇಳಿ ಸೋತಳು.

"ಬಾಗಿಲು ಇಟ್ರೆ ಮೆಷಿನ್ ಎಲ್ಲಿಡ್ಲಿ? ನನ್ನ ತಲೆ ಮೇಲಾ? ಬೆಳಕು ಬೀಳೋದು ಅಲ್ಲೊಂದೇ ಕಡೆ," ಎಂಬುದು ಅವನ ಸಿದ್ಧ ಉತ್ತರ.

ಒಂದು ದಿನ ಅಣ್ಣನ ಮನೆಯವರೆಲ್ಲ ಪರವೂರಿನ ಮದುವೆಗೆ ಹೊರಟರು. ವಾರಗಿತ್ತಿ ಹಿಂದೆಮುಂದೆ ನೋಡಿದಾಗ ಚಿಕ್ಕಮ್ಮನೇ, "ಹೋಗಿ ಬನ್ನಿ ಅಕ್ಕಾ, ನಾನೆಲ್ಲಿಗೆ ಹೋಗ್ತೀನಿ?" ಎಂದು ಕಳಿಸಿಕೊಟ್ಟಳಂತೆ. ಅಂಗಡಿಯ ಕಬ್ಬಿಣದ ಶಟರಿಗೆ ಎರಡು ಬೀಗ ಬಿತ್ತು. ಆ ಮಧ್ಯಾಹ್ನವೇ ಅಜ್ಜಿಗೆ ಮೇಲುಸಿರು ಶುರುವಾಯಿತು. ನಾನು ಓಡಿಹೋಗಿ ಓಣಿಯ ಕಿಟಕಿಯಲ್ಲಿ ಕೂಗಿದೆ.

"ಚಿಕ್ಕಮ್ಮಾ, ಬೇಗ ಬಾ. ಅಜ್ಜಿ ನಿನ್ನನ್ನೇ ಕೇಳ್ತಿದ್ದಾಳೆ."

"ಹೆಂಗೆ ಬರ್ಲೇ?" ಎಂದವಳು ಕಂಬಿಯೊಳಗಿಂದ ನನ್ನ ಕೈ ಹಿಡಿದಳು. ಬಿಟ್ಟು ಅಂಗಳಕ್ಕೆ ಓಡಿದಳು. ಆ ಕಡೆ ಯಾರೂ ಇಲ್ಲವೆಂದು ಗೊತ್ತಿದ್ದೂ ಹಲಗೆ ಬಡಿಯುತ್ತಿದ್ದಳು. ಆ ಸದ್ದು ಓಣಿಯವರೆಗೂ ಕೇಳುತ್ತಿತ್ತು.

ಚಿಕ್ಕಪ್ಪ ಒಮ್ಮೆ ನನ್ನ ಮುಖ ನೋಡಿದ. ಎದ್ದು ಮೆಷಿನ್ನನ್ನು ಎರಡೂ ಕೈಯಲ್ಲಿ ಎದುರಿನ ಗೋಡೆಗೆ ತಳ್ಳಿದ. "ಎದುರು ಮನೆ ಬಡಗಿಗೆ ಹಾರೆ ತರೋಕೆ ಹೇಳು," ಎಂದ.

ಬಡಗಿ ಹೊರಗಿನಿಂದ ಕಿಟಕಿಯ ಚೌಕಟ್ಟು ಕಿತ್ತ, ಅದರ ಕೆಳಗಿನ ಇಟ್ಟಿಗೆ ಒಡೆದ. ಒಳಗಿನಿಂದ ಚಿಕ್ಕಪ್ಪ ಕೈಯಲ್ಲೇ ಎಳೆದು ಹಾಕಿದ. ತೂತು ಸೊಂಟದ ಮಟ್ಟಕ್ಕೆ ಇಳಿಯುವ ಮುಂಚೆಯೇ ಚಿಕ್ಕಮ್ಮ ಅದನ್ನು ಹತ್ತಿ ದಾಟಿ ಓಣಿಗೆ ಧುಮುಕಿದಳು. ಬರಿಗಾಲಲ್ಲಿ ಓಡಿದಳು. ನಾವು ಮನೆ ಮುಟ್ಟುವಾಗ ಅಮ್ಮ ಅಜ್ಜಿಯ ಕಣ್ಣು ಮುಚ್ಚುತ್ತಿದ್ದಳು. "ಈಗಷ್ಟೇ ಕಣೇ," ಎಂದಳು.

ಎಲ್ಲ ಮುಗಿದ ಮೇಲೆ ಚಿಕ್ಕಮ್ಮನನ್ನು ನಾನೇ ಕರೆದುಕೊಂಡು ಹೋಗಿ ಬಿಟ್ಟೆ. ಬಡಗಿ ಆ ಜಾಗಕ್ಕೆ ಹೊಸ ಬಾಗಿಲಿನ ಚೌಕಟ್ಟು ಕೂರಿಸುತ್ತಿದ್ದ. ಚಿಕ್ಕಪ್ಪ ಎದುರಿನ ಗೋಡೆಯ ಪಕ್ಕ ಹೊಲಿಯುತ್ತಾ ಕೂತಿದ್ದ. ಅಲ್ಲಿ ಸೂಜಿಯ ಮೇಲೆ ಬೆಳಕು ಧಾರಾಳವಾಗಿ ಬೀಳುತ್ತಿತ್ತು.

"ಒಡೆಯೋಕೆ ಎಷ್ಟು ಹೊತ್ತು ಹಿಡೀತು?" ಎಂದು ಚಿಕ್ಕಮ್ಮ ಬಡಗಿಯನ್ನು ಕೇಳಿದಳು.

"ಅರ್ಧ ಗಂಟೆ ಆಗಿರ್ಬಹುದಮ್ಮ."

ಅವಳು ಗಂಡನ ಕಡೆ ತಿರುಗಿದಳು. "ಇಷ್ಟು ಸುಲಭ ಅಂತ ನಿಮಗೆ ಗೊತ್ತಿತ್ತಾ?"

ಮೆಷಿನ್ ನಿಂತಿತು. ಚಿಕ್ಕಪ್ಪ ತಲೆ ಎತ್ತಲಿಲ್ಲ. "ಗೊತ್ತಿತ್ತು. ನಾವು ಬೇರೆ ಬಾಗಿಲು ಇಟ್ಕೊಂಡ್ರೆ ಬೀದಿಬಾಗಿಲು ಅಣ್ಣಂದೇ ಅಂತ ಒಪ್ಕೊಂಡ ಹಾಗಾಗುತ್ತಲ್ಲ ಅಂತ..."

"ಒಪ್ಕೋಬೇಕಿತ್ತು," ಎಂದಳು ಚಿಕ್ಕಮ್ಮ. ಬಾಗಿಲ ಕಡೆ ನೋಡದೆ ಅಂಗಳಕ್ಕೆ ಹೋಗಿ ಗೋಡೆಗೆ ಮುಖ ಮಾಡಿ ಕೂತಳು.