ಹಳದಿ-ಕುಂಕುವಿಗೆ ಹೋದ ಕಾದಂಬರಿ

ಅಥವಾ ಬರೀ ಅರಿಶಿನ ಇತ್ತೋ ಏನೋ. ಕಾಗವಾಡದ ಆ ಮನೆಯಲ್ಲಿ ನನ್ನ ಕಾದಂಬರಿಯ ಮುಖಪುಟದ ಮೇಲೆ ಅರಿಶಿನ, ಕುಂಕುಮ ಎರಡೂ ಇದ್ದವು ಎಂದು ಇಷ್ಟು ವರ್ಷ ಹೇಳುತ್ತ ಬಂದಿದ್ದೇನೆ. ಹೇಳಿದಷ್ಟೂ ಕುಂಕುಮ ಕೆಂಪಾಗುತ್ತ ಹೋಗಿದೆ. ಮೊನ್ನೆ ನೆನಪಾಯಿತು, ಮುಖಪುಟವೇ ಕೆಂಪು ಬಣ್ಣದ್ದು. ಕೆಂಪಿನ ಮೇಲಿನ ಕುಂಕುಮ ನನಗೆ ಹೇಗೆ ಕಂಡಿತು? ಅರಿಶಿನದ ಬಗ್ಗೆ ಮಾತ್ರ ಅನುಮಾನವಿಲ್ಲ. ಅದು ನನ್ನ ಬೆರಳಿಗೆ ಹತ್ತಿತ್ತು.

ನಾನು ಸಕ್ಕರೆ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಮಿಸ್ಟ್ ಆಗಿದ್ದೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಪಾಳಿ ಮುಗಿಸಿ ಚಿಕ್ಕೋಡಿಯ ಮನೆಗೆ ಬಂದರೆ ಮೈಯೆಲ್ಲ ಕಬ್ಬಿನ ಹಾಲಿನ ವಾಸನೆ, ತಲೆಯಲ್ಲಿ ಒಂದು ವಾಕ್ಯವೂ ಇಲ್ಲ. ಕಾರ್ಖಾನೆ ನಿಂತ ಮೇಲೆ, ಮಳೆಗಾಲದಲ್ಲಿ, ಬರೆಯುತ್ತಿದ್ದೆ. ಇದ್ದದ್ದು ಒಂದೇ ದೊಡ್ಡ ಕೋಣೆ. ಗೋಡೆಯ ಕಡೆ ನನ್ನ ಮೇಜು, ಕಿಟಕಿಯ ಕಡೆ ಹೆಂಡತಿಯ ಹೊಲಿಗೆ ಮಷೀನು. ಓಣಿಯ ಹೆಂಗಸರ ಜಂಪರ್ ಹೊಲಿಯುತ್ತಿದ್ದಳು. ನಾನು ತಲೆಯೆತ್ತಿದಾಗಲೆಲ್ಲ ಕಾಣುತ್ತಿದ್ದದ್ದು ಅವಳ ಬೆನ್ನು.

ಕಾದಂಬರಿಯಲ್ಲಿಯೂ ಅದೇ ಬಂತು. ಒಬ್ಬಳು ಹೆಂಗಸು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಕಿಟಕಿಯ ಹತ್ತಿರ ಕೂತಿರುತ್ತಾಳೆ. ಮಾತಾಡುವುದಿಲ್ಲ. ಅವಳನ್ನು ನೋಡುತ್ತ ಗಂಡ ಯೋಚಿಸುತ್ತಾನೆ. ಬೇರೇನೂ ಆಗುವುದಿಲ್ಲ. ಏನೂ ಆಗದಿರುವುದೇ ನನ್ನ ಹೆಮ್ಮೆಯಾಗಿತ್ತು.

ಧಾರವಾಡದ ಪ್ರಕಾಶಕರಿಂದ ಹಸ್ತಪ್ರತಿ ತಿರುಗಿ ಬಂದ ಮೇಲೆ ನಾನೇ ಅಚ್ಚು ಹಾಕಿಸಿದೆ, ನಿಪ್ಪಾಣಿಯಲ್ಲಿ. ಬೀಡಿ ಕಟ್ಟಿನ ಲೇಬಲ್ಲು, ಲಗ್ನಪತ್ರಿಕೆ ಹಾಕುವ ಪ್ರೆಸ್ಸು ಅದು. ಅಲ್ಲಿ ಮರಾಠಿ ಅಚ್ಚುಮೊಳೆಗಳು ಬೇಕಾದಷ್ಟು, ಕನ್ನಡದವು ಕಡಿಮೆ. ಒಂದು ಫಾರಂ, ಅಂದರೆ ಹದಿನಾರು ಪುಟ, ಅಚ್ಚಾದ ಮೇಲೆ ಅದರ ಮೊಳೆ ಬಿಚ್ಚಿಯೇ ಮುಂದಿನದನ್ನು ಜೋಡಿಸಬೇಕು. ನಡುವೆ ಲಗ್ನಸರಾಯಿ, ಮದುವೆಗಳ ಕಾಲ, ಬಂದರೆ ನನ್ನ ಕಾದಂಬರಿಯ ಹೆಂಗಸು ಅಲ್ಲೇ ಕಿಟಕಿಯಲ್ಲಿ ಕಾಯುತ್ತಿದ್ದಳು.

ಇನ್ನೊಂದು ಹುಚ್ಚು ಮಾಡಿದೆ. ಕಾಲೇಜಿನ ಗ್ರಂಥಾಲಯದಲ್ಲಿ ಯಾವಾಗಲೋ ಒಂದು ಹಳೆಯ ಪರದೇಶದ ಪುಸ್ತಕ ನೋಡಿದ್ದೆ. ಅದರ ಹಾಳೆಗಳ ಮಡಿಕೆ ಬಿಡಿಸಿರಲಿಲ್ಲ. ಓದುವವನೇ ಕತ್ತರಿಸುತ್ತ ಹೋಗಬೇಕು. ನನ್ನ ಪುಸ್ತಕವೂ ಹಾಗೇ ಇರಬೇಕೆಂದೆ. ಓದುಗ ಸ್ವಲ್ಪ ಕಷ್ಟಪಡಲಿ ಎಂಬ ಸಿದ್ಧಾಂತ. ಪ್ರೆಸ್ಸಿನ ಮಾಲೀಕರು ನನ್ನ ಮುಖ ನೋಡಿದರು.

"ಪುಸ್ತಕ ಅಂದ್ರ ತೆಂಗಿನಕಾಯಿ ಏನ್ರಿ ಸಾಹೇಬ್ರ, ಒಡಕೊಂಡು ತಿನ್ನಾಕ?"

ನಾನು ನಕ್ಕೆ. ಕಟ್ಟುಗಳು ಮನೆಗೆ ಬಂದವು. ರಜೆಯ ದಿನ ಚೀಲ ಹೊತ್ತು ಬಸ್ಸು ಹತ್ತಿ ಅಥಣಿ, ರಾಯಬಾಗ, ಮುಗಳಖೋಡ ತಿರುಗಿದೆ. ಪಠ್ಯಪುಸ್ತಕ ಮಾರುವ ಅಂಗಡಿಗಳೇ ಎಲ್ಲ. ಅಥಣಿಯ ಅಂಗಡಿಯವರು ಅಂಟಿಕೊಂಡ ಹಾಳೆಗಳೊಳಗೆ ಬೆರಳು ತೂರಿಸಿ ನೋಡಿ, ಮಾಲು ಅರ್ಧಕ್ಕೇ ನಿಂತಿದೆ, ಪೂರಾ ಆದಮೇಲೆ ತರ್ರಿ ಎಂದು ಬಹಳ ಮರ್ಯಾದೆಯಿಂದ ಚೀಲದ ಬಾಯಿ ಕಟ್ಟಿಕೊಟ್ಟರು. ಮಗಳ ಶಾಲೆಯ ಕಾರ್ಯಕ್ರಮ ಆವತ್ತೇ ಇತ್ತು. ಅದಕ್ಕೆ ಹೋಗಲಿಲ್ಲ ಎಂಬುದು ನೆನಪಿದೆ. ಅವಳು ಅದರಲ್ಲಿ ಏನು ವೇಷ ಹಾಕಿದ್ದಳು ಎಂಬುದು ಇಲ್ಲ.

ಕಟ್ಟುಗಳು ಕಿಟಕಿಯ ಕಡೆಗೇ ಏರುತ್ತ ಹೋದವು. ಒಂದು ದಿನ ಮಷೀನಿನ ಮೇಲೂ ಇಟ್ಟೆ. ಹೊಲಿಗೆ ನಿಂತಿತು. ಅವಳು ಜಗಳ ಮಾಡಲಿಲ್ಲ, ಅಥವಾ ಮಾಡಿದ್ದನ್ನು ನಾನು ಕೇಳಿಸಿಕೊಳ್ಳಲಿಲ್ಲ. ಸಂಕ್ರಾಂತಿ ಹತ್ತಿರ ಬಂದಾಗ ಒಮ್ಮೆ ಕೇಳಿದಳು, ಇವನ್ನು ನಾನು ದಾಟಿಸಲೇನು ಎಂದು. ಹಂಗಾಮು ಜೋರಿತ್ತು. ದಾಟಿಸು ಎಂದು ಪಾಳಿಗೆ ಹೋದೆ.

ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ನಮ್ಮ ಕಡೆ ಮುತ್ತೈದೆಯರು ಒಬ್ಬರನ್ನೊಬ್ಬರು ಹಳದಿ-ಕುಂಕುವಿಗೆ, ಅಂದರೆ ಅರಿಶಿನ-ಕುಂಕುಮಕ್ಕೆ, ಕರೆಯುತ್ತಾರೆ. ಬಂದವರಿಗೆ ಎಳ್ಳುಬೆಲ್ಲದ ತಿಳಗೂಳ ಕೊಟ್ಟು, ಕೈಯಲ್ಲೊಂದು ವಾಣ ಇಡುತ್ತಾರೆ. ಸ್ಟೀಲಿನ ಬಟ್ಟಲೋ, ಬಾಚಣಿಕೆಯೋ, ಚಹಾ ಸೋಸುವ ಜಾಲರಿಯೋ, ಏನಾದರೂ ಮನೆಗೆ ಬೇಕಾಗುವಂಥದ್ದು. ಆ ವರ್ಷ ನನ್ನ ಹೆಂಡತಿ ಕೊಟ್ಟ ವಾಣ ಏನೆಂದು ನಾನು ಕೇಳಲಿಲ್ಲ. ಹಂಗಾಮು ಮುಗಿಯುವ ಹೊತ್ತಿಗೆ ಕಟ್ಟುಗಳು ಕರಗಿದ್ದವು, ಮಷೀನು ಬಯಲಾಗಿತ್ತು. ಎಲ್ಲಿ ಎಂದರೆ, "ಹೋದ್ವು" ಎಂದಳು. ಆ ಒಂದು ಮಾತು ನನಗೆ ಸಾಕಾಯಿತು. ಅದರ ಬಲದ ಮೇಲೆಯೇ ಎರಡನೆಯ ಕಾದಂಬರಿ ಹಿಡಿದೆ. ಕಾರ್ಖಾನೆ ಬಿಟ್ಟು ಪೂರ್ತಿ ಬರೆಯುವುದೆಂಬ ಮಾತೂ ಆಗ ಮನೆಯಲ್ಲಿ ಓಡಾಡುತ್ತಿತ್ತು. ಓದುಗರು ಇದ್ದಾರಲ್ಲ.

ಬೇಸಿಗೆಯಲ್ಲಿ ಹೆಂಡತಿಯ ತವರು ಕಾಗವಾಡಕ್ಕೆ ಹೋದೆ. ಪಕ್ಕದ ಮನೆಯವರು ಚಹಾಕ್ಕೆ ಕರೆದರು. ಒಕ್ಕಲುತನದ ಜೈನ ಮನೆತನ. ಮನೆಯ ಯಜಮಾನತಿ ನನ್ನನ್ನು ಕೂರಿಸಿ, ಎದುರಿಗೆ ನಿಂತು, ಕಪ್ಪು ಕೈಗೆ ಕೊಡುವುದನ್ನೇ ಮರೆತವರಂತೆ ಹೇಳಿದರು:

"ಛಲೋ ಬರದೀರಿ ಅಳ್ಯಾರ. ಆಕಿ ಮಷೀನ್ ಟೆಂಪೋದಾಗ ಹಾಕ್ಕೊಂಡು ಹೋಗೂ ಮುಂದ ಗಂಡ ಮಲಗಿರ್ತಾನಲ್ಲ, ಅಲ್ಲಿ ನನ್ನ ಕಣ್ಣಾಗ ನೀರು ಬಂತು. ಗಂಡಸರಿಗೆ ಇದೆಲ್ಲ ಹ್ಯಾಂಗ ತಿಳೀತೈತ್ರಿ?"

ಬೇರೆ ಯಾರದೋ ಪುಸ್ತಕ ಇರಬೇಕೆಂದುಕೊಂಡೆ. ಅವರು ದೇವರ ಮಾಡದಿಂದ ತಂದು ತೋರಿಸಿದರು. ನನ್ನದೇ. ಅರಿಶಿನ ಬೆರಳಿಗೆ ಹತ್ತಿದ್ದು ಆಗ. ತಿರುವಿ ನೋಡಿದೆ. ಒಂದು ಮಡಿಕೆಯನ್ನೂ ಕತ್ತರಿಸಿರಲಿಲ್ಲ. ನಿಪ್ಪಾಣಿಯಿಂದ ಬಂದಂತೆಯೇ ಇತ್ತು. ಓದಿದಿರೇನು ಎಂದು ಕೇಳಿದೆ.

"ನನಗ ಕನ್ನಡ ಎಲ್ಲಿ ಓದಾಕ ಬರತೈತ್ರಿ. ಮಾತು ಕನ್ನಡ, ಸಾಲಿ ಕಲತದ್ದೆಲ್ಲಾ ಮರಾಠಿ. ನಮ್ಮ ಹುಡುಗಿ, ನಿಮ್ಮ ಮನ್ಯಾಕಿ, ಸಂಕ್ರಾಂತಿಗೆ ಬಂದಾಗ ಹೇಳಿದ್ಲಲ್ಲ, ಪೂರಾ."

ಚಹಾ ಕುಡಿದೆನೋ ಇಲ್ಲವೋ. ನಾನು ಬರೆದ ಹೆಂಗಸು ಕಿಟಕಿಯಿಂದ ಏಳುವುದಿಲ್ಲ. ನನ್ನ ಪುಸ್ತಕದಲ್ಲಿ ಮಷೀನೇ ಇಲ್ಲ. ಅದನ್ನು ನಾನು ತೆಗೆದುಹಾಕಿದ್ದೆ, ತೀರಾ ಮನೆಯದಾಯಿತೆಂದು.

ಚಿಕ್ಕೋಡಿಗೆ ಬಂದವನೇ ನಮ್ಮ ಎದುರು ಮನೆಯ ಯಜಮಾನತಿಯನ್ನು ಕೇಳಿದೆ. ಅವರು ಕನ್ನಡ ಶಾಲೆಯಲ್ಲೇ ಓದಿದವರು. ಅವರ ಪ್ರತಿಯೂ ಕತ್ತರಿಸದೆ ಹಾಗೇ ಇತ್ತು. ಯಾಕೆ ಬಿಡಿಸಲಿಲ್ಲವೆಂದರೆ ನನ್ನನ್ನೇ ಗದರಿಸುವಂತೆ ನೋಡಿದರು.

"ಹಳದಿ-ಕುಂಕು ಏರಿಸಿದ ವಾಣಕ್ಕ ಕತ್ರಿ ಹಾಕ್ತಾರೇನ್ರಿ?"

ಅಲ್ಲಿಗೆ ನನಗೆ ಪೂರ್ತಿ ತಿಳಿಯಿತು. ನನ್ನ ಸಿದ್ಧಾಂತ, ಅವಳ ವಾಣ. ಎರಡೂ ಸೇರಿ ಈ ಸೀಮೆಯಲ್ಲಿ ಯಾರೂ ನನ್ನ ಪುಸ್ತಕ ತೆರೆಯದಂತೆ ಮಾಡಿದ್ದವು. ಆದರೂ ಎಲ್ಲರಿಗೂ ಕಥೆ ಗೊತ್ತಿತ್ತು. ಎದುರು ಮನೆಯವರಿಗೆ ಗೊತ್ತಿದ್ದ ಕಥೆಯಲ್ಲಿ ಆ ಹೆಂಗಸು ಬಸ್ಸು ಹತ್ತಿ ಯಡೂರಿಗೆ ಹೋಗಿ ಹೊಳೆಯ ದಂಡೆಯಲ್ಲಿ ಕೂರುತ್ತಾಳೆ. ಹಾಲು ಕಾಸಿಲ್ಲವೆಂದು ನೆನಪಾಗಿ ಕೊನೆಯ ಬಸ್ಸಿಗೆ ತಿರುಗಿ ಬರುತ್ತಾಳೆ. ಅದನ್ನು ಹೇಳುತ್ತ ಅವರು ನಕ್ಕರು. ಕಾರ್ಖಾನೆಯಲ್ಲಿ ಜೊತೆಯವರೊಬ್ಬರು, ರಾಯಬಾಗದವರು, ತಮ್ಮ ಮನೆಯವಳು ಹೇಳಿದಳೆಂದು ಇನ್ನೊಂದು ಕಥೆ ಹೇಳಿದರು. ಅದರಲ್ಲಿ ಮನೆ ಬಿಟ್ಟು ಹೋಗುವವನು ಗಂಡ. ಹೆಂಗಸು ಕಿಟಕಿಯಿಂದ ಅವನು ತಿರುವಿನಲ್ಲಿ ಮರೆಯಾಗುವುದನ್ನು ನೋಡಿ, ಎದ್ದು, ಅವನ ಮೇಜಿನ ಮೇಲೆ ಬಟ್ಟೆ ಹರವಿ ಅಳತೆ ಹಾಕುತ್ತಾಳೆ.

ಇದನ್ನು ಕೇಳಿದಾಗ ಪ್ರಯೋಗಾಲಯದಲ್ಲಿ ನನ್ನ ಕೈಯಲ್ಲಿ ಗಾಜಿನ ನಳಿಗೆ ಇತ್ತು, ಅದು ಒಡೆಯಿತು ಎಂದು ಒಂದು ಕಡೆ ಬರೆದಿದ್ದೇನೆ. ಸುಳ್ಳು. ಏನೂ ಒಡೆಯಲಿಲ್ಲ. ಆಗ ಹಂಗಾಮು ಮುಗಿದು ಕಾರ್ಖಾನೆ ನಿಂತಿತ್ತು, ನಳಿಗೆಗಳೆಲ್ಲ ಕಪಾಟಿನಲ್ಲಿದ್ದವು.

ಎರಡನೆಯ ಕಾದಂಬರಿ ಹೋದರೆ ಹೋಗಲಿ, ಈಗ ನನಗೆ ಬೇಕಾಗಿದ್ದದ್ದು ಒಂದೇ. ಇದು ಬಂದವರ ಮನಸ್ಸಿಗೆ ತಕ್ಕಂತೆ ಕಟ್ಟಿದ ಕಥೆಯೋ, ನನ್ನ ಹೆಂಡತಿಯ ಮನಸ್ಸಿನಲ್ಲೇ ಇದ್ದದ್ದೋ. ಅವಳು ಮಷೀನಿನ ಮುಂದೆ ಕೂತು ದಾರ ಪೋಣಿಸುತ್ತಿದ್ದಳು. ಕಿಟಕಿಯಲ್ಲಿ ಕೂತವಳು ಕೊನೆಗೆ ಎಲ್ಲಿಗೆ ಹೋಗುತ್ತಾಳೆ ಎಂದು ಕೇಳಿದೆ.

"ಬರದಾವ್ರು ನೀವು. ನನ್ನ ಕೇಳ್ತೀರೇನ್ರಿ?"

"ನಾ ಬರದದ್ದು ಬ್ಯಾರೆ ಐತಿ."

"ನೀವು ಬರದದ್ದು ಕುಂತೈತಿ. ಹೆಣಮಕ್ಕಳು ತಿಳಗೂಳ ಕೈಯಾಗ ಹಿಡಕೊಂಡು ಮುಂದೇನಾತು ಅಂತ ಕೇಳ್ತಾರ. ಏನೂ ಆಗಲಿಲ್ಲಬೇ ಅಂತ ಕಳಸಾಕ ಬರತೈತೇನು?"

"ಮತ್ತ ನಿನ್ನ ಪ್ರಕಾರ ಏನಾತು?"

ಅವಳು ದಾರ ಬಾಯಲ್ಲಿ ಕಡಿದು ಚಕ್ರ ತಿರುಗಿಸಿದಳು. ಏನೋ ಹೇಳಿದಳು. ಮಷೀನಿನ ಸದ್ದಿನಲ್ಲಿ ಕೇಳಲಿಲ್ಲ. ಇನ್ನೊಮ್ಮೆ ಹೇಳು ಅನ್ನಬಹುದಿತ್ತು.

ಮಷೀನಿನ ಡ್ರಾಯರಿನಲ್ಲಿ ಅವಳ ಪ್ರತಿ ಇತ್ತು. ಬಹಳ ದಿನದ ಮೇಲೆ ಗುಂಡಿ ಹುಡುಕುವಾಗ ನೋಡಿದೆ. ಅದಕ್ಕೆ ಅರಿಶಿನ ಇರಲಿಲ್ಲ. ಹಾಳೆಗಳನ್ನು ಹೊಲಿಗೆಯ ಕತ್ತರಿಯಿಂದ ನೆಟ್ಟಗೆ ಬಿಡಿಸಿದ್ದಳು, ನಾನು ನನ್ನ ಪ್ರತಿಯನ್ನು ಬಿಡಿಸಿದ್ದಕ್ಕಿಂತ ಅಚ್ಚುಕಟ್ಟಾಗಿ. ಕೊನೆಯ ಫಾರಂ ಮಾತ್ರ ಹಾಗೇ ಅಂಟಿಕೊಂಡಿತ್ತು. ಅಲ್ಲಿಗೆ ಬೇಸರವಾಗಿ ಬಿಟ್ಟಳೋ, ಮುಂದಿನದು ತನಗೆ ಗೊತ್ತಿದೆ ಎಂದು ಬಿಟ್ಟಳೋ. ಅಥವಾ ಇದೂ ಕುಂಕುಮದ ಹಾಗೆ ನಾನೇ ಆಮೇಲೆ ಸೇರಿಸಿಕೊಂಡದ್ದೋ. ಆ ಪ್ರತಿ ಮನೆ ಬದಲಿಸುವಾಗ ಎಲ್ಲಿ ಹೋಯಿತೋ ಸಿಗಲಿಲ್ಲ.

ನೌಕರಿ ಬಿಡಲಿಲ್ಲ. ಎರಡನೆಯದನ್ನು ಅಚ್ಚು ಹಾಕಿಸಲಿಲ್ಲ. ಮಷೀನು ಈಗಲೂ ನಮ್ಮ ಮನೆಯಲ್ಲೇ ಇದೆ, ಅವಳೂ ಇದ್ದಾಳೆ. ಆವತ್ತು ಚಕ್ರ ತಿರುಗಿಸುತ್ತ ಅವಳು ಹೇಳಿದ್ದೇನು ಎಂಬುದು ನನಗೆ ಗೊತ್ತಿಲ್ಲ.