ಕುದುರೆ ಭತ್ಯೆ

ನಮ್ಮವರು ಹೊಸಪೇಟೆಯಲ್ಲಿ ಕಾಲುವೆಗಳ ಓವರ್‌ಸೀಯರ್. ಮದರಾಸಿನಲ್ಲಿ ಪೂರ್ತಿ ಓದಿ ಬಂದವರು ನೇರವಾಗಿ ಇಂಜಿನಿಯರ್ ಆಗುತ್ತಿದ್ದರು. ಇವರು ಓದನ್ನು ಅರ್ಧಕ್ಕೇ ಬಿಟ್ಟವರು. ಹಾಗಾಗಿ ಅದೇ ಕಾಲುವೆ, ಅದೇ ಬಿಸಿಲು, ಅರ್ಧ ಸಂಬಳ. ನೆಂಟರು ಗಿಂಬಳ ಎಷ್ಟೆಂದು ಕೇಳುತ್ತಿದ್ದರು. ಅದು ಇವರ ಕೈಯಲ್ಲಿ ಆಗುವ ಕೆಲಸವಲ್ಲ. ಇವರಿಗೆ ಅರ್ಧ ಸಂಬಳದ ಬೇಸರವಿರಲಿಲ್ಲ. ನನಗಿತ್ತು.

ಸಂಬಳದ ಮೇಲೆ ಕುದುರೆ ಭತ್ಯೆ ಅಂತ ಒಂದಿತ್ತು. ಹಂಪಿಯಿಂದ ಕಂಪ್ಲಿಯವರೆಗೆ ತಿರುಗುವವರು ಕುದುರೆ ಸಾಕಿದರೆ ಸರ್ಕಾರ ಅದಕ್ಕೆಂದು ಕೊಡುತ್ತಿತ್ತು. ಇವರು ಸಂಡೂರಿನಿಂದ ಒಂದು ಮುದಿ ಕುದುರೆ ತಂದರು. ಅದರ ಹುರುಳಿಯ ಖರ್ಚು ಕಳೆದು ಭತ್ಯೆಯಲ್ಲಿ ಉಳಿದದ್ದರಲ್ಲಿ ನನ್ನ ಮೈದುನ ಮದರಾಸಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ. ಮನೆಯಲ್ಲಿ ಒಬ್ಬರಾದರೂ ಪೂರ್ತಿ ಸಂಬಳ ತರಲಿ ಎಂಬುದು ನನ್ನ ಹಟ.

ತೊಂದರೆ ಇಷ್ಟೇ, ಇವರಿಗೆ ಕುದುರೆ ಹತ್ತಲು ಭಯ. ಲಗಾಮು ಹಿಡಿದು ಪಕ್ಕದಲ್ಲಿ ನಡೆಯುತ್ತಿದ್ದರು. ಕಾಲುವೆಯಿಂದ ಹೊಲಕ್ಕೆ ನೀರು ಬಿಡುವ ಪ್ರತಿ ತೂಬಿನ ಹತ್ತಿರ ನಿಂತು, ಬಗ್ಗಿ, ನೀರು ಸೋರುತ್ತಿದೆಯೇ ನೋಡಿ ಮುಂದೆ ಹೋಗುತ್ತಿದ್ದರು. ಬಾಳೆ ತೋಟದವರು ನಗುತ್ತಿದ್ದರು.

ಆ ನಗು ಬಳ್ಳಾರಿಯ ಮೇಲಧಿಕಾರಿಯ ಕಿವಿಗೂ ಬಿತ್ತು. ನಾಳೆ ನನ್ನ ಜೊತೆ ಸವಾರಿಗೆ ಬಾ, ಇಲ್ಲದಿದ್ದರೆ ಭತ್ಯೆ ನಿಲ್ಲುತ್ತದೆ ಎಂದು ಹೇಳಿಕಳಿಸಿದರು.

“ಕುದುರಿ ಸಾಕಿದವ್ರಿಗೆ ಅಂತ ಅದ, ಹತ್ತಿದವ್ರಿಗೆ ಅಂತ ಇಲ್ಲ” ಎಂದು ಇವರು ವಾದಿಸಿದರು.

“ನನ್ನ ಮುಂದ ಯಾಕ? ಸಾಹೇಬ್ರ ಮುಂದ ಹೇಳ್ರಿ” ಎಂದೆ.

ಹೇಳಲಿಲ್ಲ. ಹತ್ತಿದರು. ಹತ್ತಿಸಲು ಕಾಲುವೆಯ ನೀರು ಬಿಡುವ ಇಬ್ಬರು ನೀರಗಂಟಿಗಳು ಬೇಕಾದರಂತೆ. ಮೊದಲ ತೂಬು ಬಂದದ್ದೇ ಕುದುರೆ ನಿಂತುಬಿಟ್ಟಿತು. ಎಷ್ಟು ಗದರಿದರೂ ಕದಲಲಿಲ್ಲ. ಇವರು ಇಳಿದು, ಬಗ್ಗಿ ನೋಡಿ, ಎದ್ದ ಮೇಲೆಯೇ ಹೆಜ್ಜೆ ಇಟ್ಟಿತು. ಮುಂದಿನ ತೂಬಿನಲ್ಲೂ ಹಾಗೆಯೇ. ಪೊದೆಯೊಳಗೆ ಮರೆಯಾಗಿದ್ದ, ಅಧಿಕಾರಿಗೇ ಗೊತ್ತಿಲ್ಲದ ತೂಬಿನಲ್ಲೂ ಹಾಗೆಯೇ. ಆಮೇಲೆ ಇವರು ಹತ್ತುವ ಗೋಜಿಗೇ ಹೋಗಲಿಲ್ಲ, ಅಧಿಕಾರಿಯೂ ಹತ್ತು ಎನ್ನಲಿಲ್ಲ. ಭತ್ಯೆ ಉಳಿಯಿತು.

ಮೈದುನ ಪಾಸಾಗಿ ಕಾಲುವೆಗಳಿಗೇ ಇಂಜಿನಿಯರ್ ಆದ. ಮೊದಲ ತಿಂಗಳೇ ಅಣ್ಣನಿಗಿಂತ ಹೆಚ್ಚು ಸಂಬಳ, ಮೇಲೆ ಮೋಟಾರು ಭತ್ಯೆ. ನನ್ನ ಹಟ ಗೆದ್ದಿತ್ತು. ಆದರೂ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

“ಮೋಟಾರಿನ್ಯಾಗ ಹೋಗಿ ತೂಬು ಹೆಂಗ ನೋಡ್ತೀಪಾ?” ಎಂದು ಇವರು ನಿಜವಾಗಿಯೂ ತಿಳಿಯಲೆಂದೇ ಕೇಳಿದರು.

“ನಾ ಯಾಕ ನೋಡ್ಲಿ ಅಣ್ಣಾ? ಓವರ್‌ಸೀಯರ್ ನೋಡಿ ಬರೀತಾರ, ನಾ ರುಜು ಹಾಕ್ತೀನಿ.”

ಇವರು ತಲೆಯಾಡಿಸಿ, ಕುದುರೆಗೆ ಹುರುಳಿ ಇಡಲು ಎದ್ದರು.