ತಂಬಿಗೆ ಎತ್ತುವ ತೋಳು

ಕಳೆದ ಮಳೆಗಾಲದ ಒಂದು ಮುಂಜಾನೆ, ಒದ್ದೆ ಅಂಗಳದಲ್ಲಿ ನಿಂತು ನಾನು ಮತ್ತು ನಮ್ಮ ಮನೆಯವರು ಪಿಸುದನಿಯಲ್ಲಿ ಜಗಳವಾಡಿದೆವು. ಇಬ್ಬರೂ ಮಡಿ ಉಟ್ಟಿದ್ದೆವು, ಬಾಗಿಲ ಮುಂದೆ ರಂಗೋಲಿ ಬಿದ್ದಿತ್ತು. ಇನ್ನು ಸ್ವಲ್ಪ ಹೊತ್ತಿನಲ್ಲಿ ಮುನಿ ಮಹಾರಾಜರು ಬಸದಿಯಿಂದ ಆಹಾರಕ್ಕೆ ಹೊರಡುವವರಿದ್ದರು. ಅಂಥ ಹೊತ್ತಿನಲ್ಲಿ ದನಿ ಏರಿಸುವ ಹಾಗಿಲ್ಲ. ಪಿಸುಮಾತಿನ ಜಗಳದಲ್ಲಿ ಸಿಟ್ಟಿಗೆ ಹೊರಗೆ ಹೋಗಲು ದಾರಿ ಸಿಗದೆ ಅದು ಒಳಗೇ ಕುದಿಯುತ್ತದೆ.

ಅವರ ಮಾತು ಇಷ್ಟೇ: ಇವತ್ತು ನೀರಿನ ತಂಬಿಗೆಯನ್ನು ನಾನು ಹಿಡಿಯಬಾರದು, ಸೊಸೆ ಹಿಡಿಯಲಿ. ನನ್ನ ಮಾತೂ ಇಷ್ಟೇ: ನಾನೇ ಹಿಡಿಯುತ್ತೇನೆ.

ನಮ್ಮೂರು ಉಗಾರ ಖುರ್ದ, ನಾವು ಜೈನರು. ಮಳೆಗಾಲದ ನಾಲ್ಕು ತಿಂಗಳು ಮುನಿಗಳು ಊರೂರು ತಿರುಗದೆ ಒಂದೇ ಕಡೆ ನಿಲ್ಲುತ್ತಾರೆ. ಕಳೆದ ವರ್ಷ ನಮ್ಮೂರಿನ ಬಸದಿಯಲ್ಲಿ ಒಬ್ಬ ಮಹಾರಾಜರು ನಿಂತಿದ್ದರು. ಅವರದು ದಿನಕ್ಕೆ ಒಂದೇ ಊಟ, ಅದೂ ನಿಂತುಕೊಂಡು, ತಮ್ಮದೇ ಬೊಗಸೆಯಲ್ಲಿ. ನೀರು ಕುಡಿಯುವುದೂ ಆಗಲೇ, ಆಮೇಲೆ ಇಲ್ಲ. ಉಣ್ಣುವಾಗ ತುತ್ತಿನಲ್ಲಿ ಒಂದು ಕೂದಲು ಕಂಡರೆ, ಇರುವೆ ಕಂಡರೆ, ಬಡಿಸುವವರ ಕೈಯಿಂದ ಪಾತ್ರೆ ಜಾರಿ ಬಿದ್ದರೆ ಅಂತರಾಯವಾಯಿತು ಎಂದು ಲೆಕ್ಕ. ಅಲ್ಲಿಗೇ ಬೊಗಸೆ ಬಿಟ್ಟು ಕೂತುಬಿಡುತ್ತಾರೆ. ಮರುದಿನ ಆಹಾರದ ಹೊತ್ತಿನವರೆಗೆ ಅನ್ನವೂ ಇಲ್ಲ, ಹನಿ ನೀರೂ ಇಲ್ಲ.

ಹಿಂದಿನ ದಿನ ಹಾಗೇ ಆಗಿತ್ತು. ಬಸದಿಯ ಹತ್ತಿರದ ಒಂದು ಮನೆಯಲ್ಲಿ ಮೊದಮೊದಲ ತುತ್ತಿನಲ್ಲೇ ಕೂದಲು ಕಂಡಿತು. ಮಹಾರಾಜರು ಬೊಗಸೆ ಬಿಟ್ಟು ಬಸದಿಗೆ ಮರಳಿದರು. ಆ ಮನೆಯ ಹೆಂಗಸರು ಸಂಜೆಯವರೆಗೂ ಅತ್ತರಂತೆ. ಮಹಾರಾಜರಿಗೆ ವಯಸ್ಸು ನನಗಿಂತ ಹೆಚ್ಚೇ ಇರಬೇಕು. ಇವತ್ತೂ ಯಾವುದಾದರೂ ಮನೆಯಲ್ಲಿ ಕೆಟ್ಟರೆ ಮೂರನೆಯ ದಿನಕ್ಕೆ ಹೋಗುತ್ತದೆ. ಊರಿಗೆ ಊರೇ ಉಸಿರು ಬಿಗಿಹಿಡಿದು ಕೂತಿತ್ತು.

“ನಿನ್ನ ಹಟಕ್ಕ ಮಹಾರಾಜರು ಇನ್ನೊಂದ ದಿನಾ ಉಪಾಸ ಇರಬೇಕೇನು?” ಎಂದರು ನಮ್ಮ ಮನೆಯವರು.

“ನನ್ನ ಕೈ ಎಂಥಾದ್ದಂತ ನನಗ ಗೊತ್ತೈತ್ರಿ,” ಎಂದೆ.

ಕೈಯ ಕಥೆ ಹೇಳಿಬಿಡುತ್ತೇನೆ. ಅದಕ್ಕೂ ಹಿಂದಿನ ಮಳೆಗಾಲದಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಜಾರಿ ಬಿದ್ದು ಬಲಗೈಯ ಮಣಿಕಟ್ಟು ಮುರಿದುಕೊಂಡಿದ್ದೆ. ಮಿರಜದಲ್ಲಿ ಪ್ಲಾಸ್ಟರ್ ಹಾಕಿದರು. ಮಣಿಕಟ್ಟೇನೋ ಕೂಡಿಕೊಂಡಿತು, ಆದರೆ ಅಷ್ಟು ದಿನ ಕೊರಳಿಗೆ ಜೋತುಬಿದ್ದಿದ್ದ ತೋಳು ಭುಜದಲ್ಲಿ ಬಿಗಿದುಕೊಂಡಿತು. ತಲೆ ಬಾಚಲು ಬಾರದು, ಕುಪ್ಪಸದ ತೋಳು ಏರಿಸಲು ಬಾರದು, ಗೋಡೆಯ ಮಾಡದಲ್ಲಿ ಎತ್ತರಕ್ಕಿಟ್ಟ ಡಬ್ಬಿ ನನ್ನ ಪಾಲಿಗೆ ಇಲ್ಲವೇ ಇಲ್ಲ. ಅರವತ್ತು ದಾಟಿ ಎಂಟು ವರ್ಷವಾಗಿರುವ ಹೆಂಗಸಿಗೆ ಇನ್ನೇನು ಬೇಕು, ಕೂತು ಉಣ್ಣಲಿ ಎಂದು ಬಂದವರೆಲ್ಲ ಹೇಳಿ ಹೋದರು. ಕೂತು ಉಣ್ಣು ಎನ್ನುವುದು ಆಶೀರ್ವಾದವೋ ಶಾಪವೋ ಎಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಮಿರಜದ ದವಾಖಾನೆಯಲ್ಲಿ ವ್ಯಾಯಾಮ ಮಾಡಿಸುವ ಒಬ್ಬ ಹುಡುಗಿ ಇದ್ದಳು. “ಆಜಿ, ಹಾತ್ ವರ್ ಕರಾ” ಎಂದು ಮರಾಠಿಯಲ್ಲಿ ಸಕ್ಕರೆಯಂತೆ ಹೇಳಿ, ಕೈಯನ್ನು ಮೇಲಕ್ಕೆ ಎತ್ತಿಸಿ, ಜೀವ ಹೋಗುವಂತೆ ಒತ್ತುತ್ತಿದ್ದಳು. ಬೆರಳುಗಳನ್ನು ಗೋಡೆಯ ಮೇಲೆ ಇರುವೆ ಹತ್ತಿದ ಹಾಗೆ ಹತ್ತಿಸಬೇಕು, ಬಾಗಿಲಿಗೆ ಕಟ್ಟಿದ ಹಗ್ಗ ಜಗ್ಗಬೇಕು, ಇದನ್ನು ಮನೆಯಲ್ಲೂ ಬಿಡಬಾರದು ಎಂದಳು. ಬಾಗಿಲಿಗೆ ಹಗ್ಗ ಯಾಕೆ, ನಮ್ಮ ಹಿತ್ತಲಲ್ಲಿ ಬಾವಿ ಇದೆ, ಅದಕ್ಕೆ ರಾಟೆ ಇದೆ ಎಂದೆ. ಅವಳು ನಕ್ಕು, ಮೊದಲು ಖಾಲಿ ಕೊಡ ಸೇದಿರಿ ಎಂದಳು.

ನಲ್ಲಿ ಬಂದ ಮೇಲೂ ನಾವು ಬಾವಿ ಮುಚ್ಚಲಿಲ್ಲ. ಮುನಿಗಳ ಆಹಾರಕ್ಕೆ ನಲ್ಲಿಯ ನೀರು ನಡೆಯುವುದಿಲ್ಲ. ಬಾವಿಯಿಂದ ಕೈಯಾರೆ ಸೇದಿ, ದಪ್ಪ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ಮತ್ತೆ ಅದೇ ಬಾವಿಗೆ ಮೆಲ್ಲಗೆ ಇಳಿಸಿ ಬಿಡಬೇಕು. ಬೇಸಿಗೆಯಲ್ಲಿ ನೀರು ತಳಕ್ಕೆ ಹೋಗಿ ಹಗ್ಗ ಉದ್ದವಾದಷ್ಟೂ ನಾನು ಖುಷಿಪಟ್ಟೆ. ಖಾಲಿ ಕೊಡ ಅರ್ಧವಾಯಿತು, ಅರ್ಧ ತುಂಬಿತು. ರೊಟ್ಟಿ ಬಡಿಯುವುದನ್ನು ಸೊಸೆಯ ಕೈಯಿಂದ ಕಿತ್ತುಕೊಂಡೆ. ಮುಂಜಾನೆ ರೈಲ್ವೆ ಗೇಟಿನವರೆಗೆ ಬೀಸುಗೈಯಲ್ಲಿ ನಡೆದೆ. ಯುದ್ಧಕ್ಕೆ ಹೊರಟೀ ಏನ್ ಎಂದು ನಮ್ಮ ಮನೆಯವರು ಕೇಳುತ್ತಿದ್ದರು.

ಯುದ್ಧವೇ. ನಮ್ಮ ಓಣಿಯಲ್ಲಿ ನನಗಿಂತ ಹಿರಿಯಳಾದ ಒಬ್ಬಳಿದ್ದಾಳೆ. ಒಂದು ವರ್ಷ ಮೊಣಕಾಲು ನೋವೆಂದು ಆಹಾರಕ್ಕೆ ನಿಲ್ಲದೆ ಗೋಡೆಯ ಪಕ್ಕ ಕುರ್ಚಿಯಲ್ಲಿ ಕೂತಳು. ಮರುವರ್ಷ ನೋವು ಕಡಿಮೆಯಾಗಿತ್ತು, ಆದರೆ ಯಾರೂ ಅವಳನ್ನು ಏಳು ಎನ್ನಲಿಲ್ಲ. ಕುರ್ಚಿಯನ್ನೇ ಮೊದಲು ತಂದು ಹಾಕಿದರು. ಒಮ್ಮೆ ಕೂತರೆ ಮುಗಿಯಿತು ಎಂಬುದನ್ನು ನಾನು ಅವಳ ಮುಖದಲ್ಲಿ ನೋಡಿದ್ದೆ. ಸಾವಿಗೆ ನಾನು ಅಷ್ಟು ಹೆದರುವವಳಲ್ಲ. ಆ ಕುರ್ಚಿಗೆ ಹೆದರುತ್ತೇನೆ.

ಚಾತುರ್ಮಾಸ ಶುರುವಾಗುವ ಮೊದಲು ದಿನಾ ನಮ್ಮ ಮನೆಯವರನ್ನೇ ಅಂಗಳದಲ್ಲಿ ನಿಲ್ಲಿಸಿ, ಬೊಗಸೆ ಹಿಡಿಸಿ, ತುಂಬಿದ ತಂಬಿಗೆಯಿಂದ ನೀರು ಹಾಕಿ ರೂಢಿ ಮಾಡಿಕೊಂಡೆ. ಅವರು ಗೊಣಗುತ್ತಲೇ ನಿಲ್ಲುತ್ತಿದ್ದರು. ಒಂದು ಹನಿಯೂ ಆಚೆ ಬೀಳದಂತೆ ಸಣ್ಣ ಧಾರೆ ಹಾಕುವಷ್ಟು ಕೈ ಪಳಗಿತು. ಆಗ ನನಗೆ ಸೊಕ್ಕು ಬಂತು. ಮುನಿಗಳಿಗೆ ಆಹಾರ ಕೊಡುವಾಗ ಮನೆಯ ಮಂದಿಯೆಲ್ಲ ಒಂದೇ ಪಾತ್ರೆಗೆ ಕೈ ಹಚ್ಚುವುದು ನಮ್ಮಲ್ಲಿ ರೂಢಿ. ಪುಣ್ಯ ಎಲ್ಲರಿಗೂ ಬರಲಿ ಎಂದು. ಅದನ್ನೂ ನಾನು ಬೇಡ ಎಂದೆ. ನನ್ನ ತಂಬಿಗೆಗೆ ಯಾರೂ ಕೈ ಹಚ್ಚಬಾರದು, ಹಚ್ಚಿದರೆ ತೂಕ ತಪ್ಪುತ್ತದೆ ಎಂದು ಸೊಸೆಗೆ ಬಿಗಿಯಾಗಿ ಹೇಳಿದೆ. ಜಯಸಿಂಗಪುರದ ಕಡೆಯ ಹುಡುಗಿ ಅವಳು, ಎದುರು ಮಾತಾಡುವ ಪೈಕಿ ಅಲ್ಲ. ಹೂಂ ಎಂದಳು.

ಜಗಳ ನಡೆದ ಆ ಮುಂಜಾನೆಯೂ ತಂಬಿಗೆ ನನ್ನ ಕೈಯಲ್ಲೇ ಉಳಿಯಿತು. ಓಣಿಯ ತುಂಬ ಬಾಗಿಲು ಬಾಗಿಲಿಗೆ ಜನ ಕಲಶ ಹಿಡಿದು ನಿಂತಿದ್ದರು. ಮಹಾರಾಜರು ಯಾರ ಮನೆಗೆ ಎಂದು ಮೊದಲೇ ಯಾರಿಗೂ ಗೊತ್ತಿರುವುದಿಲ್ಲ. ಅವರು ಮನಸ್ಸಿನಲ್ಲೇ ಒಂದು ಗುರುತು ಇಟ್ಟುಕೊಂಡು ಹೊರಡುತ್ತಾರೆ, ಅದು ಎಲ್ಲಿ ಕಂಡರೆ ಅಲ್ಲಿ ನಿಲ್ಲುತ್ತಾರೆ. ಬಲಗೈಯ ಬೆರಳು ಕೂಡಿಸಿ ಭುಜದ ಮೇಲಿಟ್ಟುಕೊಂಡು ಅವರು ತಿರುವಿನಲ್ಲಿ ಕಂಡರು. ಉದ್ದಕ್ಕೆ, ಒಣಗಿದ ಮೈ. ನಡಿಗೆ ಮಾತ್ರ ಬಿಗಿ. ನಾವು ನಮೋಸ್ತು ಎಂದು ಕೂಗಿ ಕರೆದೆವು. ಅವರು ನಮ್ಮ ಮನೆ ದಾಟಿ ಹೋದರು. ಖರೆ ಹೇಳುತ್ತೇನೆ, ನನಗೆ ಒಂದು ಕ್ಷಣ ಹಗುರವೆನಿಸಿತು. ನಾಲ್ಕು ಮನೆ ದಾಟಿದವರು ಹಿಂದಿರುಗಿ ಬಂದು ನಮ್ಮ ಬಾಗಿಲ ಎದುರು ನಿಂತರು.

ಪ್ರದಕ್ಷಿಣೆ ಹಾಕಿ, ಒಳಗೆ ಕರೆದು, ಪಾದ ತೊಳೆದೆವು. ಮನಸ್ಸು ಶುದ್ಧ, ಮಾತು ಶುದ್ಧ, ಕಾಯ ಶುದ್ಧ, ಅನ್ನ ನೀರು ಶುದ್ಧ ಎಂದು ಹೇಳಿ ಆಹಾರ ಸ್ವೀಕರಿಸಬೇಕೆಂದು ಬೇಡಿಕೊಂಡೆವು. ಮಹಾರಾಜರು ಮರದ ಮಣೆಯ ಮೇಲೆ ಹತ್ತಿ ನಿಂತು ಬೊಗಸೆ ಕೂಡಿಸಿದರು. ಬಾಗಿಲಾಚೆ ಓಣಿಯ ಜನ ಒಬ್ಬರ ಮೇಲೊಬ್ಬರು ಬಿದ್ದು ನೋಡುತ್ತಿದ್ದರು. ನಾನು ನೀರಿನ ತಂಬಿಗೆ ಎತ್ತಿದೆ, ಮತ್ತು ಎತ್ತುತ್ತಲೇ ಇದ್ದೆ. ಬೊಗಸೆ ಸಿಗಲಿಲ್ಲ.

ನಮ್ಮ ಮನೆಯವರು ಗಿಡ್ಡ. ನೋಡಲು ಬಂದ ದಿನವೇ ನಮ್ಮವ್ವ ಹೇಳಿದ್ದಳು, ಹುಡುಗ ಒಳ್ಳೆಯವನು, ಎತ್ತರ ಒಂದು ಕಡಿಮೆ ಎಂದು. ಇಷ್ಟು ವರ್ಷದ ಸಂಸಾರದಲ್ಲಿ ಅದನ್ನು ಮರೆತೇಬಿಟ್ಟಿದ್ದೆ. ಗಿಡ್ಡ ಗಂಡನನ್ನು ನೆಲದ ಮೇಲೆ ನಿಲ್ಲಿಸಿ ಇಡೀ ಬೇಸಿಗೆ ರೂಢಿ ಮಾಡಿದವಳಿಗೆ, ಎತ್ತರದ ಮಹಾರಾಜರು ಮಣೆಯ ಮೇಲೆ ನಿಂತರೆ ಬೊಗಸೆ ಎಲ್ಲಿಗೆ ಬರುತ್ತದೆ ಎಂಬುದು ಹೊಳೆದಿರಲಿಲ್ಲ. ಪಳಗಿದ ಕೈ ಎಲ್ಲಿಗೆ ನಿಲ್ಲುತ್ತಿತ್ತೋ ಅಲ್ಲಿಂದ ಒಂದು ಗೇಣು ಮೇಲೆ ಹೋಗಬೇಕಾಗಿತ್ತು. ಅದು ಭುಜ ಇನ್ನೂ ಬಿಟ್ಟುಕೊಡದಿದ್ದ ಗೇಣು.

ತುದಿಗಾಲ ಮೇಲೆ ನಿಂತೆ. ಮೊದಲ ಬೊಗಸೆ ಹೇಗೋ ತುಂಬಿತು. ಆಮೇಲೆ ನಮ್ಮ ಮನೆಯವರು ಅನ್ನ, ತೊವ್ವೆ, ಹಾಲು ಬಡಿಸಿದರು. ಸೊಸೆ ಪ್ರತಿ ತುತ್ತನ್ನೂ ಕಣ್ಣಿನಿಂದ ಜಾಲಾಡಿ ಮುಂದೆ ಕೊಡುತ್ತಿದ್ದಳು. ಯಾರೂ ಅನಗತ್ಯವಾಗಿ ಉಸಿರಾಡುತ್ತಿರಲಿಲ್ಲ ಎನಿಸುತ್ತದೆ. ನಾನು ಗೋಡೆಗೆ ತಾಗದಂತೆ ನಿಂತು ತೋಳನ್ನು ಸಡಿಲ ಬಿಟ್ಟು, ಕೊನೆಯ ನೀರಿಗೆ ಕಾಯುತ್ತಿದ್ದೆ. ಕೊನೆಯ ನೀರೇ ದೊಡ್ಡದು. ಇಡೀ ದಿನಕ್ಕಾಗುವಷ್ಟು ಕುಡಿಯಬೇಕು, ಅವರಂತೂ ನಿನ್ನೆಯದನ್ನೂ ಕುಡಿಯಬೇಕು. ಆಗಲೇ ತಂಬಿಗೆಯನ್ನು ಸೊಸೆಗೆ ಕೊಟ್ಟುಬಿಡಬಹುದಿತ್ತು. ಕೊಡಲಿಲ್ಲ. ಬಾಗಿಲಾಚೆ ಕುರ್ಚಿಯಲ್ಲಿ ಕೂತ ಆ ಹಿರಿಯಳು ನನ್ನನ್ನೇ ನೋಡುತ್ತಿದ್ದಳು.

ಮಹಾರಾಜರು ನೀರಿಗೆ ಸನ್ನೆ ಮಾಡಿದರು. ಎರಡೂ ಕೈಯಲ್ಲಿ ತಂಬಿಗೆ ಎತ್ತಿದೆ. ಅವರು ನಿಧಾನಕ್ಕೆ, ಕಣ್ಣು ಮುಚ್ಚಿ, ಬೊಗಸೆ ಬೊಗಸೆಯಾಗಿ ಕುಡಿದರು. ಭುಜದಲ್ಲಿ ಸುರುವಾದ ಉರಿ ಮೊಣಕೈಗೆ ಇಳಿಯಿತು, ಅಲ್ಲಿಂದ ಹಳೆಯ ಮುರಿತದ ಜಾಗಕ್ಕೆ ಬಂತು. ಕೆಳಗಿಳಿಸಿದರೆ ಮತ್ತೆ ಎತ್ತಲಾರೆ ಎಂದು ಗೊತ್ತಿತ್ತು. ಹಲ್ಲು ಕಚ್ಚಿ ಹಿಡಿದೆ. ಧಾರೆ ಅಲುಗಾಡತೊಡಗಿತು. ಒಂದು ಹನಿ ಅವರ ಮಣಿಕಟ್ಟಿನ ಮೇಲೆ ಬಿತ್ತು. ಬೆರಳುಗಳು ತಂಬಿಗೆಯ ಮೇಲಿವೆಯೋ ಇಲ್ಲವೋ ಎಂಬುದೂ ತಿಳಿಯದಾಯಿತು. ನಾನು ಬೀಳಿಸುತ್ತೇನೆ ಎಂದು ಆಗ ಖಾತ್ರಿಯಾಯಿತು.

“ಕೈ ಹಚ್ಚ,” ಎಂದೆ.

ಸೊಸೆ ನನ್ನ ಮಗ್ಗುಲಲ್ಲೇ ಇದ್ದಳು. ಅವಳು ಕದಲಲಿಲ್ಲ. ಕೈ ಎದೆಯ ಹತ್ತಿರ ಮಡಚಿಕೊಂಡು ನನ್ನ ಮುಖ ನೋಡಿದಳು, ಮಾವನ ಮುಖ ನೋಡಿದಳು. ಮಹಾರಾಜರು ಕುಡಿದು ಮುಗಿಸಿ ಮತ್ತೆ ಬೊಗಸೆ ತೆರೆದರು.

“ಕೈ ಹಚ್ಚವಾ, ನನ್ನ ಕಡೆ ಆಗವಲ್ದು.”

ಆ ಮಾತನ್ನು ನಾನು ಹೆರಿಗೆ ಕೋಣೆಯಲ್ಲೂ ಆಡಿದವಳಲ್ಲ. ಅವಳ ಒಂದು ಕೈ ತಂಬಿಗೆಯ ತಳಕ್ಕೆ ಬಂತು, ಇನ್ನೊಂದು ನನ್ನ ಮೊಣಕೈಗೆ. ಧಾರೆ ನೆಟ್ಟಗಾಯಿತು. ಮಹಾರಾಜರು ಇನ್ನೂ ಹಲವು ಬೊಗಸೆ ಕುಡಿದರು, ಸಾಕೆಂದು ಕೈ ಬಿಟ್ಟು ಮಣೆಯಿಂದ ಇಳಿದರು. ಬಾಗಿಲಾಚೆ ಜನ ಜಯಕಾರ ಹಾಕಿದರು. ನಮ್ಮ ಮನೆಯವರು ಧೋತರದ ಅಂಚಿನಿಂದ ಕಣ್ಣು ಒರೆಸಿಕೊಂಡರು. ನನಗೆ ಸಂತೋಷವೂ ಆಯಿತು, ಅಷ್ಟೇ ಅವಮಾನವೂ ಆಯಿತು. ಯಾವುದು ಹೆಚ್ಚು ಎಂದು ಕೇಳಿದರೆ ಅವಮಾನವೇ.

ಮಹಾರಾಜರನ್ನು ಬಸದಿಯವರೆಗೆ ಕಳಿಸಿ ಎಲ್ಲರೂ ಹೋದ ಮೇಲೆ ಅಡುಗೆಮನೆಯಲ್ಲಿ ನಾನೂ ಸೊಸೆಯೂ ಇಬ್ಬರೇ ಉಳಿದೆವು. ಮುನಿಗಳು ಉಂಡ ಮೇಲೆಯೇ ನಮ್ಮ ಊಟ, ಇಬ್ಬರದೂ ಖಾಲಿ ಹೊಟ್ಟೆ. ಮೊದಲ ಸಲ ಹೇಳಿದಾಗಲೇ ಯಾಕೆ ಕೈ ಹಚ್ಚಲಿಲ್ಲ ಎಂದು ನಾನು ಸಿಡುಕಿದೆ. ಮಾಡಿದ ಉಪಕಾರಕ್ಕೆ ಬೈಗುಳ, ನನ್ನ ಸ್ವಭಾವವೇ ಅದು. ಅವಳು ಪಾತ್ರೆ ಜೋಡಿಸುತ್ತಿದ್ದವಳು ತಿರುಗಲಿಲ್ಲ.

“ಅತ್ತಿ, ನೀವು ಎರಡನೇ ಸಲ ಹೇಳಿರಲಿಲ್ಲಂದ್ರ ನಾ ಹಚ್ಚತಿದ್ದಿಲ್ರಿ,” ಎಂದಳು. “ತಂಬಗಿ ಬೀಳತೈತಿ ಅಂತ ಕಾಣತಿತ್ರಿ. ಕಂಡ್ರೂ ಹಚ್ಚತಿದ್ದಿಲ್ಲ. ನನಗ ಅಂತರಾಯದ ಅಂಜಿಕಿ ಇರಲಿಲ್ರಿ, ನಿಮ್ಮ ಅಂಜಿಕಿ ಇತ್ತು.”

ದನಿಯಲ್ಲಿ ಸಿಟ್ಟಿರಲಿಲ್ಲ. ನಲ್ಲಿಗೆ ನೀರು ಬಂತು ಎನ್ನುವಷ್ಟು ಸಲೀಸಾಗಿ ಹೇಳಿದಳು. ಒಬ್ಬ ಮುದುಕ ಮನುಷ್ಯ ಮತ್ತೊಂದು ದಿನ ನೀರಿಲ್ಲದೆ ಕಳೆಯುವುದಕ್ಕೆ ಒಂದೇ ಒಂದು ಮಾತು ಬಾಕಿ ಇತ್ತು. ತೋಳನ್ನು ಗಟ್ಟಿ ಮಾಡಿಕೊಳ್ಳುವ ಭರದಲ್ಲಿ ನಾನು ಈ ಮನೆಯಲ್ಲಿ ಇನ್ನೇನನ್ನು ಗಟ್ಟಿ ಮಾಡಿದ್ದೆ ಎಂದು ಆಗ ತಿಳಿಯಿತು.

ಮಣೆ ಹಾಕಿ ಅವಳನ್ನು ಕೂರು ಎಂದೆ. ಬಲಗೈ ಇನ್ನೂ ಏಳುತ್ತಿರಲಿಲ್ಲ, ಎಡಗೈಯನ್ನು ಅದಕ್ಕೆ ಆಸರೆ ಕೊಟ್ಟು ಅವಳ ತಾಟಿಗೆ ಮೊದಲು ಅನ್ನ ಬಡಿಸಿದೆ. ನಾಲ್ಕು ಅಗುಳು ತಾಟಿನಾಚೆ ಬಿದ್ದವು, ಅವಳು ನೋಡುತ್ತಿದ್ದಳು, ನಾನು ಕೈ ಮರೆಮಾಡಲಿಲ್ಲ.